ಮಕ್ಕಳಲ್ಲಿ ಪಿತ್ತನಾಳದ ಚೀಲ ಮತ್ತು ಅದರ ಚಿಕಿತ್ಸೆ

ಯಕೃತ್ತಿನಲ್ಲಿ ಉತ್ಪನ್ನವಾದ ಪಿತ್ತರಸವು ಪಿತ್ತನಾಳದ ಮೂಲಕ ಸಣ್ಣ ಕರುಳನ್ನು ಸೇರುತ್ತದೆಂಬುದು ಸರ್ವವಿದಿತ. ಕೆಲವು ಮಕ್ಕಳಲ್ಲಿ ಈ ನಾಳವು ಹಿಗ್ಗಿ ಚೀಲದಂತಾಗುವುದುಂಟು. ಈ ವಿಕಾರವು ಪಾಶ್ಚಾತ್ಯ ದೇಶಗಳಿಗಿಂತ ಜಪಾನ್ ಮೊದಲಾದ ಪೂರ್ವ ಏಷ್ಯದ ನಾಡುಗಳಲ್ಲಿ ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಅಧಿಕ. ಹೊಟ್ಟೆನೋವು, ಕಾಮಾಲೆ, ಹೊಟ್ಟೆಯ ಬಲಭಾಗದಲ್ಲಿ ಕೈಗೆ ತಾಕುವ ಗಡ್ಡೆ, ಈ ಮೂರೂ ಇದರ ಲಕ್ಷಣಗಳು. ಆದರೆ ಮೂರೂ ಒಂದೇ ಮಗುವಿನಲ್ಲಿ ಕಾಣುವುದು ವಿರಳವಾದುದರಿಂದ ಅಲ್ಟ್ರಾಸೌಂಡ್ ಪರೀಕ್ಷೆಯೇ ರೋಗನಿರ್ಣಯಕ್ಕೆ ಮೊದಲ ಆಧಾರ.

ಚೀಲವು ಉಂಟಾಗುವ ಬಗೆಯನ್ನು ಕುರಿತು 1969ರಲ್ಲಿ ಬ್ಯಾಬಿಟ್ ಎಂಬವರು ಮಂಡಿಸಿದ ವಿವರಣೆಯು ಇಂದು ಬಹುಮಟ್ಟಿಗೆ ಮಾನ್ಯವಾಗಿದೆ. ಸಹಜವಾಗಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಕರುಳಿನ ಗೋಡೆಯೊಳಗೆ ಕೂಡುತ್ತವೆ. ಅಲ್ಲಿರುವ ಸ್ನಾಯುವಿನ ಬಿಗಿತವು ಒಂದರ ರಸವು ಇನ್ನೊಂದಕ್ಕೆ ನುಗ್ಗದಂತೆ ತಡೆಯುತ್ತದೆ. ಅವು ಗೋಡೆಯ ಹೊರಗೇ ಕೂಡಿದಲ್ಲಿ ಈ ತಡೆಯಿಲ್ಲ. ಆಗ ಮೇದೋಜೀರಕ ರಸವು ಪಿತ್ತನಾಳಕ್ಕೆ ಹಿಮ್ಮರಳಿ ಅದರ ಒಳಪೊರೆಯನ್ನು ಕೆಡಿಸುತ್ತದೆ. ಗೋಡೆಯು ದುರ್ಬಲವಾಗಿ ಹಿಗ್ಗುತ್ತದೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಚೀಲವನ್ನು ಅದಿದ್ದಲ್ಲಿಯೇ ಬಿಟ್ಟು ಕರುಳಿಗೆ ಜೋಡಿಸುವುದು ವಾಡಿಕೆಯಾಗಿದ್ದಿತು. ಶಸ್ತ್ರಕ್ರಿಯೆ ಸುಲಭ, ಕಾಮಾಲೆಯೂ ಇಳಿಯುತ್ತಿದ್ದಿತು. ಹಾಗಿದ್ದರೆ ಅದನ್ನೇಕೆ ಕೈಬಿಡಬೇಕಾಯಿತು? ಮೂಲಕಾರಣವು ಹಾಗೆಯೇ ಉಳಿದುದರಿಂದ. ಕೆಟ್ಟ ಒಳಪೊರೆಯ ಮೇಲೆ ಎರಡು ರಸಗಳೂ ಬೆರೆತು ನಿಲ್ಲುತ್ತಿದ್ದವು. ಪದೇ ಪದೇ ಜ್ವರ, ನಾಳದ ಸೋಂಕು, ಕಲ್ಲುಗಳು ತಲೆದೋರುತ್ತಿದ್ದವು. ಬಾಲ್ಯದಲ್ಲಿ ಗುಣಹೊಂದಿದರೆಂದು ಭಾವಿಸಲಾದ ಕೆಲವರಿಗೆ ಪ್ರಾಯದಲ್ಲಿ ಕ್ಯಾನ್ಸರ್ ಉಂಟಾಯಿತು.

ಆದುದರಿಂದ ಇಂದು ಸಾಮಾನ್ಯ ಬಗೆಯ ಚೀಲವನ್ನು ಪಿತ್ತಕೋಶದೊಡನೆ ಪೂರ್ಣವಾಗಿ ತೆಗೆದು, ಸಣ್ಣ ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಯಕೃತ್ತಿನಿಂದ ಹೊರಡುವ ನಾಳಕ್ಕೆ ಹೊಲಿಯುತ್ತಾರೆ. ಕರುಳನ್ನು ಹೀಗೆ ಜೋಡಿಸುವ ವಿಧಾನಕ್ಕೆ ಸ್ವಿಸ್ ಶಸ್ತ್ರವೈದ್ಯ ಸೆಸಾರ್ ರೂ ಅವರ ಹೆಸರಿದೆ. ಇದರಿಂದ ಎರಡು ರಸಗಳ ದಾರಿ ಬೇರೆಯಾಗುತ್ತದೆ. ಚೀಲವು ಹಿಂದಿನ ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಿದ್ದರೆ ಹೊರಗೋಡೆಯ ಅಷ್ಟು ಭಾಗವನ್ನು ಬಿಟ್ಟು ಒಳಪೊರೆಯನ್ನು ಮಾತ್ರ ಸುಲಿದು ತೆಗೆಯುವುದುಂಟು. ಅಪಾಯವು ಪೊರೆಯಲ್ಲಿಯೇ ಅಡಗಿದೆಯಷ್ಟೆ. ಯಕೃತ್ತಿನ ಒಳನಾಳಗಳೇ ಹಿಗ್ಗಿದ್ದಲ್ಲಿ ಚಿಕಿತ್ಸೆಯು ಬೇರೆ.

ಚೀಲವನ್ನು ತೆಗೆದ ಮೇಲೂ ಹೊಲಿಗೆಯ ಜಾಗವು ಕಿರಿದಾಗಬಹುದು. ಉಳಿದ ನಾಳದಲ್ಲಿ ಕ್ಯಾನ್ಸರಿನ ಸಂಭವವು ಅಲ್ಪವಾದರೂ ಇದ್ದೇ ಇದೆ. ಆದಕಾರಣ ಇಂತಹ ಮಕ್ಕಳನ್ನು ಬೆಳೆದ ಮೇಲೂ ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕು. ಲಕ್ಷಣವು ಅಡಗಿದುದನ್ನೇ ರೋಗವು ನೀಗಿತೆಂದು ಎಣಿಸಬಾರದೆಂಬುದು ಈ ಚಿಕಿತ್ಸೆಯ ಇತಿಹಾಸದಿಂದ ನಾವು ಕಲಿಯತಕ್ಕ ಪಾಠ.