ಕರಡು ನಿಯಮಗಳೂ ಗ್ರಾಮಸ್ಥರ ಆಕ್ಷೇಪಣೆಗಳೂ

(ಒಬ್ಬ ಕೃಷಿ ಇನ್‌ಸ್ಪೆಕ್ಟರರಿಂದ)

ವಿಧಾನ ಮಂಡಲದಲ್ಲಿ ಒಂದು ಅಧಿನಿಯಮವು ಅಂಗೀಕೃತವಾದಾಗ ಅದರ ವಿಷಯವಾಗಿ ಪತ್ರಿಕೆಗಳಲ್ಲಿ ಬಹಳ ಚರ್ಚೆ ನಡೆಯುವುದನ್ನು ವಾಚಕರು ಬಲ್ಲರು. ಆದರೆ ಆ ಅಧಿನಿಯಮವನ್ನು ಕಾರ್ಯರೂಪಕ್ಕೆ ತರುವ ಸಲುವಾಗಿ ಸರ್ಕಾರದವರು ಆಮೇಲೆ ರಚಿಸುವ ನಿಯಮಗಳ ಕಡೆಗೆ ಲಕ್ಷ್ಯ ಕೊಡುವವರು ವಿರಳ. ಅರ್ಜಿಯು ಯಾವ ನಮೂನೆಯಲ್ಲಿರಬೇಕು, ಅದರೊಡನೆ ಯಾವ ದಾಖಲೆಗಳನ್ನು ಲಗತ್ತಿಸಬೇಕು, ಶುಲ್ಕವೆಷ್ಟು, ಎಷ್ಟು ದಿನಗಳೊಳಗೆ ಕೆಲಸ ಮುಗಿಸಬೇಕು, ಇವೇ ಮೊದಲಾಗಿ ರೈತನಿಗೆ ನೇರವಾಗಿ ತಗಲುವ ವಿಷಯಗಳು ಬಹುಮಟ್ಟಿಗೆ ನಿಯಮಗಳಲ್ಲಿಯೇ ಇರುತ್ತವೆ. 1964ರ ಭೂ ಕಂದಾಯ ಅಧಿನಿಯಮದ ಕೆಳಗೆ 1966ರಲ್ಲಿ ಹೊರಟ ನಿಯಮಗಳು ಇದಕ್ಕೆ ತಕ್ಕ ದೃಷ್ಟಾಂತ.

ಇಂತಹ ನಿಯಮಗಳಲ್ಲಿ ಅನೇಕವನ್ನು ಸ್ಥಿರಪಡಿಸುವುದಕ್ಕೆ ಮುಂಚೆ ಕರಡಿನ ರೂಪದಲ್ಲಿ ಪ್ರಕಟಿಸಿ, ಜನರ ಆಕ್ಷೇಪಣೆ ಮತ್ತು ಸಲಹೆಗಳನ್ನು ಕೇಳತಕ್ಕದ್ದೆಂದು ಕಾನೂನೇ ವಿಧಿಸಿದೆ. ಇದಕ್ಕೆ ಪೂರ್ವ ಪ್ರಕಟಣೆಯೆಂದು ಹೆಸರು. ಭೂ ಕಂದಾಯ ಅಧಿನಿಯಮದ 197ನೆಯ ಪ್ರಕರಣದಲ್ಲಿಯೂ ಈ ಕಟ್ಟಳೆಯುಂಟು. ನಿಯಮ ಜಾರಿಗೆ ಬಂದ ಮೇಲೆ ಕಚೇರಿಯ ಮುಂದೆ ನಿಂತು ದೂರುವ ರೈತರನ್ನು ನಮ್ಮ ಸರ್ಕೀಟಿನಲ್ಲಿ ಕಾಣುವಷ್ಟು, ಕರಡಿನ ಕಾಲದಲ್ಲಿ ಒಂದು ಕಾಗದ ಬರೆದವರನ್ನು ಕಾಣೆವು. ಆದುದರಿಂದ ಈ ಕ್ರಮವನ್ನು ಕೆಳಗೆ ವಿವರಿಸಿದೆ.

ಕರಡಿನ ಕ್ರಮ

ಪೂರ್ವ ಪ್ರಕಟಣೆಯ ರೀತಿಯನ್ನು ಭಾರತ ಸರ್ಕಾರದ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೆಯ ಪ್ರಕರಣವು ತಿಳಿಸುತ್ತದೆ. ನಮ್ಮ ರಾಜ್ಯದ ಕರಡುಗಳೂ ಇದೇ ಜಾಡಿನಲ್ಲಿ ನಡೆಯುತ್ತವೆ.

1. ಮೊದಲು, ನಿಯಮದಿಂದ ಬಾಧಿತರಾಗಬಹುದಾದವರ ತಿಳಿವಳಿಕೆಗಾಗಿ ಕರಡನ್ನು ಪ್ರಕಟಿಸುತ್ತಾರೆ. ನಮ್ಮಲ್ಲಿ ಇದು ಕರ್ನಾಟಕ ರಾಜ್ಯಪತ್ರದಲ್ಲಿ ಬರುತ್ತದೆ.

2. ಕರಡನ್ನು ಎಂದು ಪರ್ಯಾಲೋಚನೆಗೆ ತೆಗೆದುಕೊಳ್ಳುವರೆಂಬ ಅವಧಿಯನ್ನೂ, ಆಕ್ಷೇಪಣೆಗಳನ್ನು ಯಾರ ವಿಳಾಸಕ್ಕೆ ಕಳುಹಿಸಬೇಕೆಂಬುದನ್ನೂ ಅದರೊಡನೆಯೇ ಕಾಣಿಸಿರುತ್ತಾರೆ. ಅವಧಿಯು ಸಾಮಾನ್ಯವಾಗಿ ಹದಿನೈದು ಅಥವಾ ಮೂವತ್ತು ದಿನ.

3. ಆ ಅವಧಿಯೊಳಗೆ ಬಂದು ಸೇರಿದ ಆಕ್ಷೇಪಣೆ ಮತ್ತು ಸಲಹೆಗಳನ್ನು ಸರ್ಕಾರದವರು ಪರ್ಯಾಲೋಚಿಸಲೇಬೇಕು.

4. ಬಳಿಕ ಅಂತಿಮ ನಿಯಮವು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಪೂರ್ವ ಪ್ರಕಟಣೆಯ ತರುವಾಯ ರಚಿತವಾದುದೆಂದು ಹೀಗೆ ಪ್ರಕಟವಾದ ಮೇಲೆ, ನಿಯಮವು ಕ್ರಮಬದ್ಧವಾಗಿ ಆಯಿತೆಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಸಾಕ್ಷ್ಯವೆಂದು ಮೇಲ್ಕಂಡ ಪ್ರಕರಣವು ಹೇಳುತ್ತದೆ.

ಇಲ್ಲಿ ಎರಡು ಅಂಶಗಳನ್ನು ಮರೆಯಬಾರದು. ದಿನಗಳ ಎಣಿಕೆಯು ರಾಜ್ಯಪತ್ರದಲ್ಲಿ ಪ್ರಕಟವಾದಂದಿನಿಂದ ನಡೆಯುತ್ತದೆಯೇ ಹೊರತು, ಸುದ್ದಿಯು ಹಳ್ಳಿಗೆ ಮುಟ್ಟಿದಂದಿನಿಂದಲ್ಲ. ಲೆಕ್ಕಕ್ಕೆ ಬರುವುದು ಕಾಗದವು ಕಚೇರಿಗೆ ಸೇರಿದ ದಿನವೇ ಹೊರತು, ಅಂಚೆಗೆ ಹಾಕಿದ ದಿನವಲ್ಲ.

ಶುಂಠಿಯ ಮೊಕದ್ದಮೆ

ಪ್ರಕಟಣೆಯೆಂಬುದು ಬರಿಯ ಶಿಷ್ಟಾಚಾರವೆಂದು ತಿಳಿಯುವವರು ಗುಜರಾತಿನ ಗೋಧ್ರಾದಲ್ಲಿ ನಡೆದ ಸಂಗತಿಯನ್ನು ನೋಡಬಹುದು. ಅಲ್ಲಿಯ 1963ರ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮದ ಕೆಳಗೆ ಶುಂಠಿಯನ್ನೂ ನಿಯಂತ್ರಿತ ಪದಾರ್ಥಗಳಿಗೆ ಸೇರಿಸಿದರು. ಲೈಸೆನ್ಸಿಲ್ಲದೆ ಶುಂಠಿಯ ವ್ಯಾಪಾರ ಮಾಡಿದನೆಂದು ಒಬ್ಬ ವರ್ತಕನ ಮೇಲೆ ಮೊಕದ್ದಮೆ ನಡೆಯಿತು. ಅಧಿಸೂಚನೆಯನ್ನು ಆ ಪ್ರಾಂತದಲ್ಲಿ ಪ್ರಚಾರವುಳ್ಳ ವೃತ್ತಪತ್ರಿಕೆಯಲ್ಲಿ ಗುಜರಾತಿ ಭಾಷೆಯಲ್ಲಿಯೂ ಪ್ರಕಟಿಸತಕ್ಕದ್ದೆಂದು ಅಧಿನಿಯಮದಲ್ಲಿತ್ತು. ಅದು ರಾಜ್ಯಪತ್ರದಲ್ಲಿ ಬಂದಿತ್ತಾದರೂ ಹಾಗೆ ಪತ್ರಿಕೆಯಲ್ಲಿ ಬಂದಿರಲಿಲ್ಲ. ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟಿಸಬೇಕೆಂಬ ಈ ವಿಧಿಯು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ತೀರ್ಪಿತ್ತು, ವರ್ತಕನ ಮೇಲಿನ ಶಿಕ್ಷೆಯನ್ನು ತೆಗೆದುಹಾಕಿತು.

ಆದರೆ ಆ ವರ್ತಕನು ಬಿಡುಗಡೆಗಾಗಿ ದೆಹಲಿಯ ನ್ಯಾಯಾಲಯದವರೆಗೂ ಹೋಗಬೇಕಾಯಿತೆಂಬುದನ್ನೂ ನೆನೆಯಬೇಕು. ವೃತ್ತಪತ್ರಿಕೆಯ ಕಟ್ಟಳೆಯಿಲ್ಲದ ಕಡೆ, ರಾಜ್ಯಪತ್ರದಲ್ಲಿ ಪ್ರಕಟವಾದ ನಿಯಮವು ನನಗೆ ತಿಳಿಯಲಿಲ್ಲವೆಂಬ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ. ಕರಡಿನ ಕಾಲದಲ್ಲಿ ಒಂದು ಹಾಳೆಯಿಂದ ಆಗಬಹುದಾದ ಕೆಲಸಕ್ಕೆ ಆಮೇಲೆ ವಕೀಲರ ಶುಲ್ಕವನ್ನು ತೆರಬೇಕಾಗುತ್ತದೆ. ಹದ ಕಳೆದ ಮೇಲೆ ಬಿತ್ತಿದವನಿಗೆ ಬೀಜವೂ ನಷ್ಟ, ದುಡಿಮೆಯೂ ನಷ್ಟ.

ಸುದ್ದಿಯನ್ನು ಹಳ್ಳಿಗೆ ಮುಟ್ಟಿಸುವುದು

ಹಿಂದೆ ಪಟೇಲರೂ ಶಾನುಭೋಗರೂ ಇದ್ದ ಕಾಲದಲ್ಲಿ ಸರ್ಕಾರದ ಸಂಗತಿಗಳನ್ನು ಚಾವಡಿಯಲ್ಲಿ ಓದಿ ಹೇಳಿ, ಊರಲ್ಲಿ ಡಂಗುರ ಹೊಯ್ಯಿಸುವ ವಾಡಿಕೆಯಿತ್ತು. ವಂಶಪಾರಂಪರ್ಯದ ಆ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮದಿಂದ ರದ್ದಾದವು. ಈಗ ರಾಜ್ಯಪತ್ರವು ಅಂತರ್ಜಾಲದಲ್ಲಿಯೇ ದೊರೆಯುವುದಾದರೂ, ಅದನ್ನು ತೆರೆದು ನೋಡಿ ಊರಿಗೆ ತಿಳಿಸುವ ಹೊಣೆ ಯಾರದೆಂಬುದು ನಿಶ್ಚಿತವಾಗಿಲ್ಲ. ಊರಿನ ಮುಖಂಡರೂ ದೊಡ್ಡ ಹಿಡುವಳಿದಾರರೂ ಈ ಹೊಣೆಯನ್ನು ತಾವಾಗಿ ವಹಿಸಿಕೊಳ್ಳುವುದು ಉಚಿತ. ವಾರಕ್ಕೊಮ್ಮೆ ರಾಜ್ಯಪತ್ರವನ್ನು ನೋಡಲು ವಿದ್ಯಾವಂತನಾದ ಒಬ್ಬ ಹುಡುಗನನ್ನು ಗೊತ್ತುಮಾಡಿ, ಕಂದಾಯ, ನೀರು, ಮಾರುಕಟ್ಟೆ, ಅರಣ್ಯ, ಪಂಚಾಯತಿಗಳಿಗೆ ಸಂಬಂಧಪಟ್ಟ ಕರಡು ಕಂಡೊಡನೆ ಪಂಚಾಯತಿ ಕಚೇರಿಯಲ್ಲಿ ಓದಿಸಬೇಕು. ತುಂಡು ಭೂಮಿಯವರನ್ನೂ, ಗುತ್ತಿಗೆಗೆ ಉಳುವವರನ್ನೂ, ಕೂಲಿಯವರನ್ನೂ, ಹೆಂಗಸರನ್ನೂ ಅಲ್ಲಿಗೆ ಕರೆಯತಕ್ಕದ್ದು. ಅವರಿಗೆ ಆಗುವ ತೊಂದರೆಯು ಹತ್ತು ಎಕರೆಯವನ ಕಣ್ಣಿಗೆ ಬೀಳದೆ ಹೋಗಬಹುದು.

ಬರೆಯುವ ಬಗೆ

ದೃಷ್ಟಾಂತಕ್ಕಾಗಿ ಒಂದು ಕರಡನ್ನು ಕಲ್ಪಿಸಿಕೊಳ್ಳೋಣ. ಹೊಸ ಕೊಳವೆ ಬಾವಿಗೆ ಅನುಮತಿ ಕೋರುವವನು ತನ್ನ ಹೆಸರಿನಲ್ಲಿರುವ ಪಹಣಿಯನ್ನು ಲಗತ್ತಿಸತಕ್ಕದ್ದೆಂದು ಅದರ 4ನೆಯ ನಿಯಮದಲ್ಲಿದೆಯೆನ್ನಿ. “ಇದರಿಂದ ರೈತರು ಹಾಳಾಗುವರು, ರದ್ದುಮಾಡಬೇಕು” ಎಂದು ನೂರು ಜನ ರುಜು ಹಾಕಿ ಕಳುಹಿಸಿದರೆ, ಓದುವ ಅಧಿಕಾರಿಗೆ ಏನನ್ನು ತಿದ್ದಬೇಕೆಂದು ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: “4ನೆಯ ನಿಯಮದ ವಿಷಯ. ನಮ್ಮ ಗ್ರಾಮದಲ್ಲಿ ಇಂತಿಷ್ಟು ಪಹಣಿಗಳು ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಇದ್ದು, ಪೌತಿ ಖಾತೆಯಾಗಿಲ್ಲ; ಸರ್ವೆ ನಂಬರುಗಳ ಪಟ್ಟಿಯನ್ನು ಲಗತ್ತಿಸಿದೆ. ಈ ಜಮೀನುಗಳನ್ನು ವಾರಸುದಾರರೇ ಉಳುತ್ತಿದ್ದರೂ ಅವರು ಅರ್ಜಿ ಹಾಕಲಾರರು. ಆದುದರಿಂದ ‘ಅರ್ಜಿದಾರನ ಹೆಸರಿನ ಪಹಣಿ’ ಎಂಬುದರ ಮುಂದೆ ‘ಅಥವಾ ಮೃತ ಖಾತೆದಾರನ ಪಹಣಿ ಮತ್ತು ವಂಶವೃಕ್ಷ’ ಎಂದು ಸೇರಿಸಬೇಕು.”

ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ನಿಯಮದ ಸಂಖ್ಯೆ, ಆಗುವ ತೊಂದರೆ, ಅದಕ್ಕೆ ಆಧಾರ, ಬೇಕಾದ ತಿದ್ದುಪಡಿ, ಈ ಐದೂ ಇದ್ದರೆ ಬರಹವು ಪೂರ್ಣವಾಯಿತು. ಕನ್ನಡದಲ್ಲಿಯೇ ಬರೆಯಬಹುದು. ಒಳ್ಳೆಯ ನಿಯಮವಿದ್ದರೆ ಅದು ಹಾಗೆಯೇ ಇರಲೆಂದು ಬರೆಯುವುದೂ ಅವಶ್ಯ. ಇಲ್ಲವಾದರೆ ವಿರೋಧಿಗಳ ಮಾತಷ್ಟೇ ಕಡತದಲ್ಲಿ ಉಳಿಯುವುದು. ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿಯನ್ನೂ ನಕಲನ್ನೂ ಇಟ್ಟುಕೊಳ್ಳತಕ್ಕದ್ದು.

ಇದರ ಮಿತಿ

ಬಂದ ಸಲಹೆಯನ್ನು ಪರ್ಯಾಲೋಚಿಸಲು ಸರ್ಕಾರದವರು ಬದ್ಧರೇ ಹೊರತು, ಒಪ್ಪಿಕೊಳ್ಳಲು ಬದ್ಧರಲ್ಲ. ಇದು ಮತದಾನವಲ್ಲವಾದ್ದರಿಂದ ರುಜುಗಳ ಸಂಖ್ಯೆಗಿಂತ ಕಾರಣದ ಬಲವೇ ಮುಖ್ಯ. ಸಲಹೆಯು ತಿರಸ್ಕೃತವಾದರೂ ದಾರಿ ಪೂರ್ತಿ ಮುಚ್ಚಿದಂತಲ್ಲ. ಹಲವು ಅಧಿನಿಯಮಗಳ ಮೇರೆಗೆ ಅಂತಿಮ ನಿಯಮಗಳನ್ನು ವಿಧಾನ ಮಂಡಲದ ಮುಂದೆ ಇಡಬೇಕಾಗಿರುವುದರಿಂದ, ನಕಲನ್ನು ತಮ್ಮ ಕ್ಷೇತ್ರದ ಶಾಸಕರಿಗೂ ಕೊಟ್ಟಿರುವುದು ಲೇಸು.

ಖಾತೆ ಬದಲಾವಣೆ, ಭೂಸ್ವಾಧೀನ ಮುಂತಾದುವುಗಳ ನೋಟೀಸುಗಳು ಇವಕ್ಕಿಂತ ಬೇರೆ. ಅವು ನಿರ್ದಿಷ್ಟ ಜಮೀನಿಗೆ ಸಂಬಂಧಪಟ್ಟವಾದ್ದರಿಂದ, ಅವುಗಳ ಅವಧಿಯೂ ವಿಚಾರಣೆಯ ಕ್ರಮವೂ ಪ್ರತ್ಯೇಕವಾಗಿವೆ.

ಪ್ರತಿಯೊಂದು ಊರಿನವರೂ ಕರಡುಗಳ ದಿನಾಂಕ, ಕೊನೆಯ ದಿನ, ಕಳುಹಿಸಿದ ಕಾಗದ, ಬಂದ ಅಂತಿಮ ನಿಯಮ, ಇವನ್ನು ಗುರುತಿಸಲು ಒಂದು ಪುಸ್ತಕವನ್ನು ಇಡುವರೆಂದೂ, ಮುಂದಿನ ಕರಡು ಹೊರಟಾಗ ಹಳ್ಳಿಗಳ ಅನುಭವವು ಸಕಾಲದಲ್ಲಿ ಸರ್ಕಾರದವರ ಗಮನಕ್ಕೆ ಬರುವುದೆಂದೂ ಆಶಿಸಲಾಗಿದೆ.