ಕಾದ ಕಂಬಿಯ ಮೇಲೆ ಪನೀರು

ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಯ ಹಿತ್ತಲಲ್ಲಿ ಮೊದಲ ಸಲ ಗ್ಯಾಸ್ ಗ್ರಿಲ್ ಹೊತ್ತಿಸಿದ ದಿನ ಪನೀರಿನ ತುಂಡುಗಳೆಲ್ಲ ಕಂಬಿಗೆ ಕಚ್ಚಿಕೊಂಡವು. ಇಕ್ಕಳದಿಂದ ಎಬ್ಬಿಸಹೋದರೆ ಮಸಾಲೆಯ ಪದರ ಅಲ್ಲೇ ಉಳಿದು, ಬರೀ ಬಿಳಿ ತಿರುಳು ಮೇಲೆ ಬಂತು. ಕೆಳಗೆ ನೀಲಿ ಉರಿ ಭರ್ರೆನ್ನುತ್ತಿದ್ದರೂ ಪನೀರು ಕೆಂಪಗಾಗದೆ ನೀರು ಬಿಡುತ್ತಾ ಕೂತಿತ್ತು.

ಕಾರಣ ಆ ನೀಲಿ ಉರಿಯಲ್ಲೇ ಇದೆ. ಕೆಂಡದ ಝಳ ಮಾರು ದೂರ ನಿಂತವರ ಮುಖಕ್ಕೂ ತಟ್ಟುತ್ತದೆ. ಗ್ಯಾಸಿನ ಉರಿ ಬಹಳ ಬಿಸಿ, ಆದರೆ ಅದು ಸೂಸುವ ಝಳ ಕಡಿಮೆ. ಅದು ಮೊದಲು ಕಂಬಿಯನ್ನೂ ಲೋಹದ ಪಟ್ಟಿಗಳನ್ನೂ ಕಾಯಿಸಬೇಕು; ಆಮೇಲೆ ಆ ಲೋಹ ಪದಾರ್ಥವನ್ನು ಸುಡುತ್ತದೆ. ಕಾವು ಸ್ವಲ್ಪ ಏರಿದರೂ ಝಳ ಜಿಗಿಯುತ್ತದೆ: 227 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಕಂಬಿ 327ಕ್ಕೆ ಏರಿದರೆ ಅದು ಸೂಸುವ ಝಳ ಎರಡು ಪಟ್ಟಾಗುತ್ತದೆ. ಖಾಲಿ ಗ್ರಿಲ್ಲನ್ನು ಮುಚ್ಚಳ ಹಾಕಿ ಹತ್ತು ಹದಿನೈದು ನಿಮಿಷ ಕಾಯಿಸುವುದು ಇದಕ್ಕಾಗಿ. ಹೊತ್ತಿಸುವಾಗ ಮಾತ್ರ ಮುಚ್ಚಳ ತೆರೆದೇ ಇರಬೇಕು. ಇಲ್ಲದಿದ್ದರೆ ಒಳಗೆ ತುಂಬಿಕೊಂಡ ಗ್ಯಾಸು ಒಮ್ಮೆಗೇ ಭಗ್ಗೆನ್ನುತ್ತದೆ.

ಇನ್ನು ನೀರು. ತಣ್ಣೀರಿನ ಪಾತ್ರೆಯನ್ನು ಗ್ಯಾಸ್ ಒಲೆಯ ಮೇಲಿಟ್ಟ ಮೊದಲ ಅರೆ ನಿಮಿಷ ಅದರ ತಳ ಬೆವರುವುದನ್ನು ಅಡುಗೆಮನೆಯಲ್ಲಿ ಓಡಾಡಿದವರೆಲ್ಲ ನೋಡಿರುತ್ತಾರೆ. ಅದು ಗ್ಯಾಸೇ ಉರಿದು ಹುಟ್ಟಿಸಿದ ನೀರು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹೊರಬರುತ್ತದೆ. ಫ್ರಿಜ್ಜಿನಿಂದ ತೆಗೆದ ಪನೀರೂ ಆ ಪಾತ್ರೆಯಂತೆಯೇ ಬೆವರುತ್ತದೆ. ಮೇಲ್ಮೈ ಒದ್ದೆಯಿರುವಷ್ಟು ಹೊತ್ತು ಅದರ ಕಾವು 100 ಡಿಗ್ರಿ ದಾಟುವುದಿಲ್ಲ. ಕೆಂಪು ಬಣ್ಣವನ್ನೂ ಸುಟ್ಟ ಘಮವನ್ನೂ ಕೊಡುವ ರಾಸಾಯನಿಕ ಕ್ರಿಯೆ ಚುರುಕಾಗುವುದು 140ರ ಆಚೆಗೆ. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ನಮ್ಮ ದೋಸೆ ಕೆಂಪಗಾಗುವುದೂ ಇದರಿಂದಲೇ. ಒಂದು ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ಏರಿಸಲು 70 ಕ್ಯಾಲೊರಿ ಸಾಕು, ಅದನ್ನು ಆವಿಯಾಗಿಸಲು 540 ಬೇಕು. ಒಣಬಟ್ಟೆಯಲ್ಲಿ ಒಮ್ಮೆ ಒತ್ತಿ ಒರೆಸಿದರೆ ಅಷ್ಟೂ ಉಳಿಯುತ್ತದೆ.

ಇದ್ದಿಲಿನ ರುಚಿ ಗ್ಯಾಸಿಗೆ ಬರದು ಎಂದು ಹಲವರು ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಸೌದೆಯ ಹೊಗೆಯ ಘಮ ಗ್ಯಾಸಿಗಿಲ್ಲ, ಒಪ್ಪಿದೆ. ಆದರೆ ಚೆನ್ನಾಗಿ ಹತ್ತಿದ ಇದ್ದಿಲಿಗೂ ಹೊಗೆ ಕಡಿಮೆಯೇ. ಆ ರುಚಿಯ ದೊಡ್ಡ ಪಾಲು ಪದಾರ್ಥದ ಜಿಡ್ಡು ಕೆಳಗೆ ತೊಟ್ಟಿಕ್ಕಿ, ಚುಂಯ್ ಎಂದು ಹೊಗೆಯಾಗಿ ಮೇಲೇರಿದ್ದು. 1985ರಲ್ಲಿ ಅಮೆರಿಕದ ವೆಬರ್ ಕಂಪನಿ ತನ್ನ ಜೆನೆಸಿಸ್ ಗ್ರಿಲ್ಲಿನ ಬರ್ನರುಗಳ ಮೇಲೆ ಮನೆಯ ಮಾಡಿನಂತೆ ಇಳಿಜಾರಾದ ಲೋಹದ ಪಟ್ಟಿಗಳನ್ನು ಕೂರಿಸಿದ್ದು ಈ ತೊಟ್ಟುಗಳನ್ನು ಹಿಡಿಯುವುದಕ್ಕೇ. ತರಕಾರಿಯಲ್ಲಿ ತೊಟ್ಟಿಕ್ಕಲು ಜಿಡ್ಡಿಲ್ಲ, ಎಣ್ಣೆಯನ್ನು ನಾವೇ ಸವರಬೇಕು.

ಮರುವಾರ ಪನೀರನ್ನು ಒರೆಸಿ, ಎಣ್ಣೆ ಸವರಿ, ಚೆನ್ನಾಗಿ ಕಾದ ಕಂಬಿಯ ಮೇಲಿಟ್ಟು ಮುಟ್ಟದೆ ಬಿಟ್ಟೆ. ಪನೀರಿನ ಅನುಕೂಲವೆಂದರೆ ಅದು ಚೀಸಿನಂತೆ ಕರಗಿ ಹರಿಯುವುದಿಲ್ಲ. ಹಾಲೊಡೆಯಲು ಹಿಂಡಿದ ನಿಂಬೆಹುಳಿಗೆ ಅದರ ಸುಣ್ಣದಂಶ ಕರಗಿ ನೀರಿನೊಡನೆ ಹೋಗಿರುತ್ತದೆ. ಉಳಿದ ಪ್ರೋಟೀನು ಕಾವಿಗೆ ಇನ್ನಷ್ಟು ಬಿಗಿಯುತ್ತದೆ. ಮೂರು ನಿಮಿಷಕ್ಕೆ ತಳ ಗಟ್ಟಿಯಾಗಿ, ಇಕ್ಕಳ ತಾಗಿಸಿದ್ದೇ ತುಂಡು ತಾನಾಗಿ ಎದ್ದು ಬಂತು. ತಳದಲ್ಲಿ ಕಂದು ಗೆರೆಗಳು ಮೂಡಿದ್ದವು.

ಒಂದು ಬದಿಯ ಬರ್ನರ್ ಜೋರಾಗಿಟ್ಟು ಇನ್ನೊಂದನ್ನು ಆರಿಸುವುದು ಗ್ರಿಲ್ಲಿನ ಎಲ್ಲಕ್ಕಿಂತ ಉಪಯುಕ್ತ ವಿದ್ಯೆ. ಕೋಳಿಕಾಲನ್ನು ಜೋರು ಬದಿಯಲ್ಲಿ ಕೆಂಪಗೆ ಮಾಡಿ ಆರಿದ ಬದಿಗೆ ಸರಿಸಿ ಮುಚ್ಚಿದರೆ, ಹೊರಗೆ ಕರಿಯದೆ ಒಳಗೆ 74 ಡಿಗ್ರಿಯವರೆಗೆ ಬೇಯುತ್ತದೆ. ಬದನೆಕಾಯಿಗೆ ಈ ಮುಲಾಜಿಲ್ಲ. ಅದರ ಸಿಪ್ಪೆ ಕರಿಯಲೇಬೇಕು. ಒಳಗಿನ ತಿರುಳು ತನ್ನದೇ ನೀರಿನ ಹಬೆಯಲ್ಲಿ ಬೇಯುತ್ತಿರುತ್ತದೆ. ಸಂಜೆ ಎರಡು ದಪ್ಪ ಬದನೆಕಾಯಿಗಳನ್ನು ಜೋರು ಬದಿಯಲ್ಲೇ ಹೊರಳಿಸುತ್ತಾ ಸುಟ್ಟೆವು. ಅವು ಕುಗ್ಗಿ ಮೆತ್ತಗಾದಾಗ ತಂಗಿ ಗೊಜ್ಜಿಗೆ ಹುಣಸೆ ನೆನೆಹಾಕಲು ಒಳಗೆ ಹೋದಳು.