ನೀರಿನಿಂದ ಗೊಬ್ಬರ, ಗೊಬ್ಬರದಿಂದ ಇಂಧನ

ಹಸಿರು ಹೈಡ್ರೋಜನ್, ಹಸಿರು ಅಮೋನಿಯಾ ಎಂದರೆ ನಾಳಿನ ತಂತ್ರಜ್ಞಾನ ಎಂದುಕೊಂಡಿದ್ದೇವೆ. ನಾರ್ವೆಯ ಒಂದು ಕಣಿವೆ ಅದನ್ನು 1929ರಲ್ಲೇ ಮಾಡಿ ಮಾರಿತ್ತು.

ಟೆಲಿಮಾರ್ಕ್ ಪ್ರಾಂತ್ಯದ ರ‍್ಯೂಕಾನ್ ಪಟ್ಟಣಕ್ಕೆ ವರ್ಷದಲ್ಲಿ ಸುಮಾರು ಆರು ತಿಂಗಳು ಬಿಸಿಲೇ ಬೀಳುವುದಿಲ್ಲ. ಇಕ್ಕೆಲದಲ್ಲೂ ಕಡಿದಾದ ಬೆಟ್ಟ. ಚಳಿಗಾಲದ ಸೂರ್ಯ ಅದರ ನೆತ್ತಿ ದಾಟುವಷ್ಟು ಮೇಲೇರುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ, ಪೇಟೆಯ ಚೌಕಕ್ಕೆ ಬಿಸಿಲನ್ನು ಇಳಿಸಿಕೊಂಡ ಊರಿದು. ಇಂಥ ಕತ್ತಲ ಕಣಿವೆಯಲ್ಲಿ ಒಂದು ಕೈಗಾರಿಕಾ ಪಟ್ಟಣ ಎದ್ದು ನಿಲ್ಲಲು ಕಾರಣ 104 ಮೀಟರ್ ಎತ್ತರದಿಂದ ಧುಮುಕುವ ಜಲಪಾತ. ಆ ನೀರನ್ನು ಕೊಳವೆಗಳಲ್ಲಿ ಹಿಡಿದಿಟ್ಟು, 1911ರಲ್ಲಿ ವೆಮೊರ್ಕ್ ವಿದ್ಯುದಾಗಾರ ಶುರುವಾಯಿತು. ಹತ್ತು ಟರ್ಬೈನು, 108 ಮೆಗಾವಾಟ್. ಆ ಹೊತ್ತಿಗೆ ಅದೇ ಜಗತ್ತಿನ ಅತಿ ದೊಡ್ಡ ವಿದ್ಯುದಾಗಾರ.

ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಕೋಲಾರದ ಚಿನ್ನದ ಗಣಿಗೆ. ವೆಮೊರ್ಕ್‌ನ ವಿದ್ಯುತ್ತು ಹರಿದದ್ದು ಗೊಬ್ಬರಕ್ಕೆ. ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಮತ್ತು ಎಂಜಿನಿಯರ್ ಸ್ಯಾಮ್ ಐಡೆ ಸೇರಿ, ವಿದ್ಯುತ್ ಕಿಡಿಯ ಕಾವಿನಲ್ಲಿ ಗಾಳಿಯ ಸಾರಜನಕವನ್ನೂ ಆಮ್ಲಜನಕವನ್ನೂ ಬೆಸೆದು ಗೊಬ್ಬರ ಮಾಡುವ ದಾರಿ ಕಂಡುಕೊಂಡಿದ್ದರು. ಅದರ ಬಲದ ಮೇಲೆ 1905ರಲ್ಲಿ ನೊರ್ಸ್ಕ್ ಹೈಡ್ರೊ ಕಂಪನಿ ಹುಟ್ಟಿತು. ಆದರೆ ಈ ವಿಧಾನ ವಿದ್ಯುತ್ತನ್ನು ಅಳತೆಯಿಲ್ಲದೆ ನುಂಗುತ್ತಿತ್ತು. ಅಷ್ಟರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಮತ್ತು ಕಾರ್ಲ್ ಬಾಷ್ ಹೈಡ್ರೋಜನ್ನನ್ನೂ ಸಾರಜನಕವನ್ನೂ ಭಾರೀ ಒತ್ತಡದಲ್ಲಿ, ಕಬ್ಬಿಣದ ವೇಗವರ್ಧಕದ ಮೇಲೆ ಕೂಡಿಸಿ ಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡಿದ್ದರು; 1913ರಿಂದ ಅದರ ಕಾರ್ಖಾನೆಯೂ ನಡೆಯುತ್ತಿತ್ತು. ಜರ್ಮನರಿಗೆ ಹೈಡ್ರೋಜನ್ ಕಲ್ಲಿದ್ದಲಿನಿಂದ ಸಿಕ್ಕಿತು. ನಾರ್ವೆಯವರ ಬಳಿ ಇದ್ದದ್ದು ನೀರು ಮತ್ತು ವಿದ್ಯುತ್ತು. ಎರಡನ್ನೂ ಸೇರಿಸಿದರು. 1929ರಲ್ಲಿ ವೆಮೊರ್ಕ್ ವಿದ್ಯುದಾಗಾರದ ಎದುರಿಗೇ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಕಾರ್ಖಾನೆ ತಲೆಯೆತ್ತಿತು. ಇಂದು ಎಲೆಕ್ಟ್ರೊಲೈಸರ್ ಎಂದು ಕೊಂಡಾಡುವ ಯಂತ್ರದ ಕೆಲಸವೂ ಇದೇ: ನೀರಿಗೆ ನೇರ ವಿದ್ಯುತ್ ಹಾಯಿಸಿ, ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಹಿಡಿದುಕೊಳ್ಳುವುದು.

ಆದರೆ ವೆಮೊರ್ಕ್ ಜಗತ್ಪ್ರಸಿದ್ಧವಾದದ್ದು ಗೊಬ್ಬರದಿಂದಲ್ಲ. ನೀರನ್ನು ಒಡೆಯುತ್ತ ಹೋದಂತೆ ಹಗುರ ಹೈಡ್ರೋಜನ್ ಮೊದಲು ಹಾರಿ, ತಳದಲ್ಲಿ ಭಾರ ಹೈಡ್ರೋಜನ್ ಇರುವ ನೀರು, ಅಂದರೆ ಭಾರಜಲ, ದಟ್ಟವಾಗುತ್ತದೆ. 1934ರಿಂದ ಇಲ್ಲಿ ಅದನ್ನು ಸಂಗ್ರಹಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಅದು ಜರ್ಮನರ ಪರಮಾಣು ಸಂಶೋಧನೆಗೆ ಬೇಕಾಯಿತು. 1943ರ ಫೆಬ್ರುವರಿಯ ಒಂದು ರಾತ್ರಿ ನಾರ್ವೆಯ ಯೋಧರ ಸಣ್ಣ ತಂಡವೊಂದು ಕಾರ್ಖಾನೆಗೆ ನುಗ್ಗಿ ಭಾರಜಲದ ಘಟಕವನ್ನು ಸ್ಫೋಟಿಸಿತು. ಸಿನಿಮಾಗಳು ಹೇಳಿದ್ದೆಲ್ಲ ಆ ಕಥೆಯನ್ನೇ. ಯುದ್ಧ ಮುಗಿದ ಮೇಲೂ ಇಲ್ಲಿ ದಶಕಗಟ್ಟಲೆ ನೀರಿನಿಂದ ಹೈಡ್ರೋಜನ್ ಬರುತ್ತಲೇ ಇತ್ತು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಅದು ನಿಂತದ್ದು ಯಂತ್ರ ಕೆಟ್ಟಿದ್ದರಿಂದಲ್ಲ. ತೈಲ ಮತ್ತು ನೈಸರ್ಗಿಕ ಅನಿಲದಿಂದ ತೆಗೆದ ಹೈಡ್ರೋಜನ್ ಅಗ್ಗವಾಯಿತು, ಅಷ್ಟೆ. 1970ರ ದಶಕದಲ್ಲಿ ಕಾರ್ಖಾನೆಯ ಕಟ್ಟಡವನ್ನೇ ಕೆಡವಿದರು. ಉಳಿದ ವಿದ್ಯುದಾಗಾರದಲ್ಲಿ 1988ರಿಂದ ಕೈಗಾರಿಕಾ ಕಾರ್ಮಿಕರ ವಸ್ತುಸಂಗ್ರಹಾಲಯವಿದೆ. ರ‍್ಯೂಕಾನ್ ಮತ್ತು ನೆರೆಯ ನೊಟೊಡೆನ್ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಭಾರತದಲ್ಲೂ ಇದೇ ಕಥೆ ಒಮ್ಮೆ ನಡೆದಿದೆ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದ ಆರಂಭದಲ್ಲಿ ಶುರುವಾದ ಗೊಬ್ಬರ ಕಾರ್ಖಾನೆ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದು ಅಮೋನಿಯಾ ಮಾಡುತ್ತಿತ್ತು. ದೇಶದ ಮೊದಲ ಭಾರಜಲ ಘಟಕವೂ ಅಲ್ಲೇ. ಆ ವಿದ್ಯುತ್ತಿಗೆ ಊರು, ಪಂಪ್‌ಸೆಟ್ಟು, ಇತರ ಕಾರ್ಖಾನೆಗಳೂ ಕೈಚಾಚಿದವು. ನಂಗಲ್ ಕಾರ್ಖಾನೆ ಮೊದಲು ಇಂಧನ ತೈಲಕ್ಕೆ, ಆಮೇಲೆ ನೈಸರ್ಗಿಕ ಅನಿಲಕ್ಕೆ ಹೊರಳಿತು. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆಯೂ ಬಹುಕಾಲ ನಾಫ್ತಾದಿಂದ ಅಮೋನಿಯಾ ಮಾಡುತ್ತಿತ್ತು. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದಿಂದ ಈಗ ಅಲ್ಲಿಗೂ ಅನಿಲ ಬರುತ್ತಿದೆ.

ಈ ಅಗ್ಗದ ದಾರಿಗೆ ಬೇರೆಯೇ ಒಂದು ಬೆಲೆಯಿದೆ. ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ತೆಗೆದರೆ ಸುಮಾರು 9–10 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಬಿಸಿಲು, ಗಾಳಿ, ನೀರಿನ ವಿದ್ಯುತ್ತಿನಿಂದ ತೆಗೆದರೆ ಆ ಹೊಗೆಯಿಲ್ಲ; ‘ಹಸಿರು’ ಎನ್ನುವುದು ಇದನ್ನೇ. ಆದರೆ ಒಂದು ಕಿಲೋಗೆ 50–55 ಯೂನಿಟ್ ವಿದ್ಯುತ್ ಬೇಕು. ಸಿಕ್ಕ ಹೈಡ್ರೋಜನ್ನಿನಲ್ಲಿರುವುದು 33 ಯೂನಿಟ್‌ನಷ್ಟು ಶಕ್ತಿ. ಅದನ್ನು ಮತ್ತೆ ವಿದ್ಯುತ್ ಮಾಡಹೊರಟರೆ ಕೊಟ್ಟದ್ದರಲ್ಲಿ ಮೂರನೇ ಒಂದು ಭಾಗ ಕೈಗೆ ಬಂದರೆ ಹೆಚ್ಚು. ಹೈಡ್ರೋಜನ್ ಬಾವಿಯಲ್ಲ, ಕೊಡ. ಬೇರೆಲ್ಲೋ ಸೇದಿದ್ದನ್ನು ಹೊತ್ತು ತರುತ್ತದೆ, ದಾರಿಯಲ್ಲಿ ತುಳುಕಿಸುತ್ತದೆ ಕೂಡ.

ಹೊರುವುದೂ ಸುಲಭವಲ್ಲ. ಹೈಡ್ರೋಜನ್ ದ್ರವವಾಗಲು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು. ಅಮೋನಿಯಾಕ್ಕೆ ಮೈನಸ್ 33 ಸಾಕು. ಒಂದು ಲೀಟರ್ ದ್ರವ ಅಮೋನಿಯಾದಲ್ಲಿ ಒಂದು ಲೀಟರ್ ದ್ರವ ಹೈಡ್ರೋಜನ್‌ಗಿಂತಲೂ ಹೆಚ್ಚು ಹೈಡ್ರೋಜನ್ ಅಡಗಿರುತ್ತದೆ. ಬಂದರು, ಹಡಗು, ಟ್ಯಾಂಕುಗಳಲ್ಲಿ ಅದನ್ನು ನಿಭಾಯಿಸಿದ ದಶಕಗಳ ಅನುಭವವೂ ಉಂಟು. ಹಡಗಿನ ಎಂಜಿನ್ನಿಗೆ ಅಮೋನಿಯಾವನ್ನೇ ಇಂಧನ ಮಾಡುವ ಪ್ರಯತ್ನ ಇದರಿಂದಲೇ ಹುಟ್ಟಿದ್ದು. ಹೊಸ ಯೋಚನೆಯೇನಲ್ಲ: ಯುದ್ಧಕಾಲದ ಬೆಲ್ಜಿಯಂನಲ್ಲಿ ಬಸ್ಸುಗಳೇ ಅಮೋನಿಯಾದಿಂದ ಓಡಿದ್ದವು. ತೊಡಕುಗಳೂ ಇವೆ. ಅಮೋನಿಯಾ ವಿಷಾನಿಲ, ಸೋರಿದರೆ ಕಣ್ಣು, ಶ್ವಾಸಕೋಶ ಸುಡುತ್ತದೆ. ಸುಲಭಕ್ಕೆ ಹೊತ್ತಿಕೊಳ್ಳದ ಕಾರಣ ಜೊತೆಗೆ ಒಂದಿಷ್ಟು ಡೀಸೆಲ್ ಬೇಕಾಗುತ್ತದೆ. ಉರಿದಾಗ ಸಾರಜನಕದ ಆಕ್ಸೈಡುಗಳು ಹೊರಬೀಳದಂತೆಯೂ ನೋಡಿಕೊಳ್ಳಬೇಕು.

ಬಿಟ್ಟುಬಂದ ದಾರಿಗೆ ನಾರ್ವೆ ಈಗ ಮರಳಿದೆ. ನೊರ್ಸ್ಕ್ ಹೈಡ್ರೊದಿಂದ 2004ರಲ್ಲಿ ಬೇರೆಯಾದ ಗೊಬ್ಬರ ಕಂಪನಿ ಯಾರಾ, 2024ರಲ್ಲಿ ಹೆರೊಯಾದಲ್ಲಿ 24 ಮೆಗಾವಾಟ್ ಎಲೆಕ್ಟ್ರೊಲೈಸರ್ ಉದ್ಘಾಟಿಸಿತು. ಭಾರತ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಎಲೆಕ್ಟ್ರೊಲೈಸರ್ ತಯಾರಿಸುವ ಓಮಿಯಮ್ ಕಂಪನಿಯ ಕಾರ್ಖಾನೆ ಬೆಂಗಳೂರಿನ ಬಳಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇನ್ನೊಂದು ದಾರಿ ಹಿಡಿದಿದ್ದಾರೆ: ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ, ಕಿಲೋಗೆ ಸುಮಾರು 100 ಗ್ರಾಂ ಹೈಡ್ರೋಜನ್ ತೆಗೆದು ತೋರಿಸಿದ್ದಾರೆ.

ಇಷ್ಟು ದುಬಾರಿಯ ಸರಕನ್ನು ಎಲ್ಲಿಗೆ ಮೊದಲು ಕೊಡಬೇಕು? ಕಾರಿಗಂತೂ ಅಲ್ಲ, ಅದಕ್ಕೆ ಬ್ಯಾಟರಿಯೇ ಲೇಸು. ಹೈಡ್ರೋಜನ್ ಬಿಟ್ಟು ಬೇರೆ ಗತಿಯಿಲ್ಲದ ಗೊಬ್ಬರಕ್ಕೆ ಕೊಡಬೇಕು. ಅಲ್ಲೂ ಒಂದು ಸೂಕ್ಷ್ಮವಿದೆ. ಯೂರಿಯಾ ಮಾಡಲು ಇಂಗಾಲದ ಡೈ ಆಕ್ಸೈಡ್ ಬೇಕೇ ಬೇಕು. ಅನಿಲದಿಂದ ಹೈಡ್ರೋಜನ್ ತೆಗೆಯುವಾಗ ಅದು ಪುಕ್ಕಟೆ ಸಿಗುತ್ತದೆ; ನೀರನ್ನು ಒಡೆದರೆ ಸಿಗುವುದಿಲ್ಲ. ಹಾಗಾಗಿ ಹಸಿರು ಅಮೋನಿಯಾಕ್ಕೆ ಸಲೀಸಾದ ಜಾಗ ಡಿಎಪಿಯಂಥ ಗೊಬ್ಬರ. ಅದಕ್ಕೆ ಬೇಕಾದ ಅಮೋನಿಯಾವನ್ನು ನಾವು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ.

ಅಮೋನಿಯಾ ಘಟಕಕ್ಕೆ ಹಗಲಿರುಳು ಒಂದೇ ಸಮ ನಡೆಯುವುದು ಹಿತ. ರ‍್ಯೂಕಾನ್‌ನ ಜಲಪಾತ ಅದಕ್ಕೆ ಒದಗಿಬಂದಿತ್ತು. ಪಾವಗಡದ ಬಿಸಿಲು ಸಂಜೆಗೆ ಇಳಿಯುತ್ತದೆ. ಗದಗ, ಚಿತ್ರದುರ್ಗದ ಗಾಳಿ ತನಗೆ ತೋಚಿದಾಗ ಬೀಸುತ್ತದೆ. ಇವೆರಡನ್ನೂ ಹೊಂದಿಸಿ, ಉಳಿದದ್ದನ್ನು ಕೂಡಿಟ್ಟುಕೊಂಡರಷ್ಟೇ ಲೆಕ್ಕ ಕೂಡೀತು. ಇಲ್ಲದಿದ್ದರೆ ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ನೀರು ಒಡೆದಂತಾಗಿ, ಅನಿಲದ ಹಳೆಯ ದಾರಿಗಿಂತಲೂ ಹೆಚ್ಚು ಹೊಗೆ ಬಂದೀತು. ಹೊಸ ಘಟಕದ ಹೆಸರಿನ ಮುಂದೆ ‘ಹಸಿರು’ ಎಂದು ಬರೆದದ್ದು ಕಂಡಾಗ ಕೇಳಬೇಕಾದ ಪ್ರಶ್ನೆ ಇದು: ರಾತ್ರಿ ಎರಡು ಗಂಟೆಗೆ ಅದಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ?